ಮನೆಯಲ್ಲೇ ಮಾಡಿ ಆನ್‌ಲೈನ್‌ನಲ್ಲಿ ಮಾರುವ ಮುಂಚೆ: ಒಂದು ಪಾಕೀಟಿನ ಪೂರ್ತಿ ಖರ್ಚು ಲೆಕ್ಕ ಹಾಕುವುದು ಹೇಗೆ

"ಅಕ್ಕಾರ, ಇದಕ್ಕ ಎಷ್ಟ ರೊಕ್ಕ ಬೇಕ್ರಿ?"

ಕೊಪ್ಪಳದ ನಮ್ಮ ಓಣಿಯಲ್ಲಿ ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ನಾನು, ನಮ್ಮ ಅತ್ತೆ ಸೇರಿ ಶೇಂಗಾ ಚಟ್ನಿಪುಡಿ ಮಾಡಿ ಬೆಂಗಳೂರು, ಮೈಸೂರು, ಮಂಗಳೂರಿಗೆ ಕಳಿಸುತ್ತೇವೆ. ತಕ್ಕಡಿ, ಮಿಕ್ಸಿಯಂಥ ಸಾಮಾನು ಕೊಳ್ಳಲು ಬಿದ್ದದ್ದು 12,000 ರೂಪಾಯಿ. ಆದರೆ ಕೇಳಿದವರಿಗೆ ಇಷ್ಟೇ ಹೇಳಿ ಕಳಿಸಿದರೆ ಅವರಿಗೆ ಮೋಸ ಮಾಡಿದಂತೆ ಆಗುತ್ತದೆ. ನಮ್ಮ ಮೊದಲ ವರ್ಷದ ಲುಕ್ಸಾನು ಆ 12,000ದಿಂದ ಬಂದದ್ದಲ್ಲ. ಕಳಿಸಿದ ಒಂದೊಂದು ಪಾರ್ಸೆಲ್‌ನಲ್ಲೂ ಹತ್ತು, ಇಪ್ಪತ್ತು, ಮೂವತ್ತು ರೂಪಾಯಿ ಸೋರಿ ಹೋಗಿತ್ತು. ಆರ್ಡರ್ ಜಾಸ್ತಿ ಆದಷ್ಟೂ ಸೋರಿಕೆಯೂ ಜಾಸ್ತಿ.

ಹಾಗಾಗಿ "ಶುರು ಮಾಡಲು ಎಷ್ಟು?" ಎಂದು ಕೇಳುವ ಮೊದಲು "ಒಂದು ಪಾಕೀಟು ಗಿರಾಕಿಯ ಕೈ ಸೇರುವ ಹೊತ್ತಿಗೆ ನನಗೆ ಎಷ್ಟು ಬೀಳುತ್ತದೆ?" ಎಂದು ಕೇಳಿಕೊಳ್ಳಿ. ಆ ಲೆಕ್ಕ ಹೇಗೆ ಹಾಕಬೇಕು ಅಂತ ನನ್ನ ವಹಿಯ ಅಂಕಿಗಳನ್ನೇ ಇಟ್ಟು ಹೇಳುತ್ತೇನೆ. ದರಗಳು ವಾರ ವಾರಕ್ಕೆ ಬದಲಾಗುತ್ತವೆ. ನಿಮ್ಮ ಊರಿನ, ಈ ವಾರದ ದರ ಹಾಕಿಕೊಳ್ಳಿ. ಲೆಕ್ಕದ ದಾರಿ ಮಾತ್ರ ಇದೇ.

ಹೆಜ್ಜೆ 1: ಯಾವ ವಸ್ತು ಅನ್ನುವುದನ್ನು ಪೆಟ್ಟಿಗೆ ನೋಡಿ ಆರಿಸಿ

ನಮ್ಮ ಭಾಗದಲ್ಲಿ ಮಾರಲು ವಸ್ತುಗಳಿಗೆ ಕೊರತೆ ಇಲ್ಲ. ಗುರೆಳ್ಳು ಪುಡಿ, ಅಗಸಿ ಪುಡಿ, ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಕಿನ್ನಾಳದ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿ, ಬಳ್ಳಾರಿಯ ಜೀನ್ಸ್. ಎಲ್ಲವೂ ಚೆನ್ನಾಗಿವೆ. ಆದರೆ ಎಲ್ಲವೂ ದೂರದ ಊರಿಗೆ ಹೋಗಲು ಒಂದೇ ಖರ್ಚು ಕೇಳುವುದಿಲ್ಲ.

ನಾವು ಮೊದಲು ಖಡಕ್ ರೊಟ್ಟಿ ಕಳಿಸಬೇಕು ಅಂತಲೇ ಇದ್ದೆವು. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಊರೂರಿನಿಂದ ಬರುವ ರೊಟ್ಟಿಯ ರಾಶಿ ನೋಡಿದವರಿಗೆ ಇದಕ್ಕಿಂತ ಸುಲಭದ ವಸ್ತು ಇಲ್ಲ ಅನಿಸುತ್ತದೆ, ಅಲ್ವಾ? ರೊಟ್ಟಿ ಒಡೆಯಬಾರದು ಅಂತ 30 ಸೆಂಟಿಮೀಟರ್ ಉದ್ದ, 30 ಅಗಲ, 20 ಎತ್ತರದ ಪೆಟ್ಟಿಗೆಯಲ್ಲಿ ಜೋಡಿಸಿದೆವು. ತೂಕ ಒಂದೂವರೆ ಕೆಜಿ. ಕೊರಿಯರ್‌ನವರು ಮೂರೂವರೆ ಕೆಜಿಗೂ ಮೇಲಿನ ದರ ಹೇಳಿದರು. ಅವರ ಲೆಕ್ಕ ಹೀಗೆ: ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 18,000 ಭಾಗಿಸು 5000 ಅಂದರೆ 3.6 ಕೆಜಿ. ನಿಜವಾದ ತೂಕ, ಈ ಜಾಗದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು.

ಕಿನ್ನಾಳದ ಗೊಂಬೆಗೂ ಇದೇ ತೊಂದರೆ. ಮರ ಹಗುರ, ಆದರೆ ಬಣ್ಣ ಕೆಡಬಾರದು, ಕೈಕಾಲು ಮುರಿಯಬಾರದು ಅಂತ ಸುತ್ತಿದಾಗ ಪೆಟ್ಟಿಗೆ ದೊಡ್ಡದಾಗುತ್ತದೆ. ಕಸೂತಿಗೆ ಪೆಟ್ಟಿಗೆಯ ಚಿಂತೆ ಇಲ್ಲ. ಅಲ್ಲಿ ಖರ್ಚೆಲ್ಲ ಕೈಕೆಲಸದ ಗಂಟೆಗಳಲ್ಲಿ ಇರುತ್ತದೆ. ಚಟ್ನಿಪುಡಿ ಚಿಕ್ಕ ಜಾಗದಲ್ಲಿ ಕೂರುತ್ತದೆ, ಒಡೆಯುವ ಭಯ ಇಲ್ಲ. ನಾವು ರೊಟ್ಟಿ ಬಿಟ್ಟು ಪುಡಿಗೆ ಬಂದದ್ದು ಈ ಒಂದೇ ಕಾರಣಕ್ಕೆ.

ಹೆಜ್ಜೆ 2: ಒಂದು ಸಲ ಮಾಡಿ, ಎಲ್ಲವನ್ನೂ ತೂಗಿ

ಸುಮ್ನೆ ಅಂದಾಜು ಮಾಡಬೇಡಿ. ಮಾರುವ ಮೊದಲು ಒಂದು ಪೂರ್ತಿ ಹದ (ಒಂದು ಸಲಕ್ಕೆ ಮಾಡುವಷ್ಟು ಪುಡಿ) ಮಾಡಿ, ಪ್ರತಿ ಹಂತದಲ್ಲೂ ತಕ್ಕಡಿಗೆ ಇಟ್ಟು ಬರೆಯಿರಿ.

10 ಕೆಜಿ ಶೇಂಗಾ ತಂದೆವು. ಸಣ್ಣ ಉರಿಯಲ್ಲಿ ಹುರಿದೆವು. ಅತ್ತೆ ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕಿ ನೋಡುತ್ತಾರೆ. ಸಿಪ್ಪೆ ತಾನಾಗಿ ಬಿಟ್ಟು, ಬೀಜದ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಬಿದ್ದಿದ್ದರೆ ಹುರಿದದ್ದು ಸಾಕು. ಆರಿಸಿ, ತಿಕ್ಕಿ, ಮೊರದಲ್ಲಿ ಕೇರಿ, ಕಪ್ಪು ಬೀಜ, ಸುಕ್ಕು ಬೀಜ ಹೆಕ್ಕಿ ತೆಗೆದ ಮೇಲೆ ಮತ್ತೆ ತೂಗಿದೆವು. 8 ಕೆಜಿ 800 ಗ್ರಾಂ. ಅಂದರೆ 1 ಕೆಜಿ 200 ಗ್ರಾಂ ನೀರಾಗಿ, ಸಿಪ್ಪೆಯಾಗಿ, ಕಸವಾಗಿ ಹೋಯಿತು. ದುಡ್ಡು ಕೊಟ್ಟದ್ದು ಪೂರ್ತಿ 10 ಕೆಜಿಗೆ. ಹೊಸಬರು ತಪ್ಪುವುದು ಇಲ್ಲೇ: ಕೊಂಡ ತೂಕವನ್ನೇ ಮಾರುವ ತೂಕ ಅಂದುಕೊಳ್ಳುತ್ತಾರೆ.

ಖಾರ, ಬಳ್ಳೊಳ್ಳಿ, ಜೀರಿಗೆ, ಉಪ್ಪು, ಬೆಲ್ಲ ಸೇರಿ, ಮಿಕ್ಸಿಗೆ ಅಂಟಿದ್ದು, ರುಚಿ ನೋಡಿದ್ದು ಕಳೆದು ಕೊನೆಗೆ ಸಿಕ್ಕದ್ದು 10 ಕೆಜಿ ಪುಡಿ. 200 ಗ್ರಾಂ ಲೆಕ್ಕದಲ್ಲಿ 50 ಪಾಕೀಟು. ವಹಿಯಲ್ಲಿ ಹೀಗೆ ಬರೆದಿದ್ದೇನೆ:

ಶೇಂಗಾ 10 ಕೆಜಿ, 140 ರೂಪಾಯಿಯಂತೆ: 1,400
ಕೆಂಪು ಖಾರ 600 ಗ್ರಾಂ: 210
ಬಳ್ಳೊಳ್ಳಿ 400 ಗ್ರಾಂ: 80
ಜೀರಿಗೆ, ಉಪ್ಪು, ಬೆಲ್ಲ, ಕರಿಬೇವು: 90
ಗ್ಯಾಸ್ ಮತ್ತು ಕರೆಂಟು: 160
ಒಟ್ಟು: 1,940

ಗ್ಯಾಸ್ ಬಗ್ಗೆ ಒಂದು ಮಾತು. ಮನೆಗೆ ಬರುವ 14.2 ಕೆಜಿ ಸಿಲಿಂಡರ್ ಅಡುಗೆಗೆ ಮಾತ್ರ. ವ್ಯಾಪಾರಕ್ಕೆ ಅದನ್ನು ಬಳಸುವಂತಿಲ್ಲ. 19 ಕೆಜಿಯ ವಾಣಿಜ್ಯ ಸಿಲಿಂಡರ್ ತರಬೇಕು, ಅದರ ದರ ಜಾಸ್ತಿ. ಲೆಕ್ಕದಲ್ಲಿ ಆ ದರವನ್ನೇ ಹಾಕಿ. ಕರೆಂಟಿಗೂ ಹೀಗೇ. ಗೃಹಜ್ಯೋತಿ ಇದೆ, ಬಿಲ್ಲು ಸೊನ್ನೆ ಬರುತ್ತದೆ ಅಂತ ಬಿಟ್ಟುಬಿಡಬೇಡಿ. ನಿಮಗೆ ಗೊತ್ತುಮಾಡಿದ ಉಚಿತ ಯೂನಿಟ್ ಮೀರಿದರೆ ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮನೆಯ ಮೀಟರಿನಲ್ಲಿ ವ್ಯಾಪಾರದ ಮಿಕ್ಸಿ ಓಡಿಸುವ ಮೊದಲು ನಮ್ಮ ಭಾಗಕ್ಕೆ ಕರೆಂಟು ಕೊಡುವ ಜೆಸ್ಕಾಂ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಹೆಜ್ಜೆ 3: ನಿಮ್ಮ ಕೂಲಿ ಬರೆಯಿರಿ

ಈ ಹೆಜ್ಜೆಯ ಬಗ್ಗೆ ನನಗೆ ಜಾಸ್ತಿ ಕಾಳಜಿ.

ನಾನು ಮೊದಲ ಆರು ತಿಂಗಳು ನಮ್ಮಿಬ್ಬರ ಕೂಲಿ ಬರೆಯಲೇ ಇಲ್ಲ. "ಮನ್ಯಾಗ ಇರೋರು ನಾವ, ಕೂಲಿ ಯಾರಿಗೆ ಕೊಡೂದು?" ಅಂತ ಅತ್ತೆ ನಕ್ಕಿದ್ದರು. ಒಮ್ಮೆ ಅತ್ತೆಗೆ ಮೊಣಕಾಲು ನೋವು ಬಂದು ಹದಿನೈದು ದಿನ ಕೂರಲು ಆಗಲಿಲ್ಲ. ಪಕ್ಕದ ಮನೆಯ ಹೆಣ್ಣುಮಗಳನ್ನು ಕೂಲಿಗೆ ಕರೆದೆ. ಅವಳಿಗೆ ಕೊಟ್ಟ ಮೇಲೆ ನೋಡಿದರೆ ಆ ತಿಂಗಳು ಉಳಿದದ್ದು ಏನೂ ಇಲ್ಲ. ಇಷ್ಟು ದಿನ ಲಾಭ ಅಂದುಕೊಂಡದ್ದೆಲ್ಲ ಅತ್ತೆಯ ಕೊಡದ ಕೂಲಿಯೇ ಆಗಿತ್ತು. ನನಗೆ ಅವತ್ತು ಬಹಳ ಸಂಕಟ ಆಯಿತು.

ಈಗ ಗಡಿಯಾರ ನೋಡಿ ಬರೆಯುತ್ತೇವೆ. ಹುರಿಯುವುದು, ತಿಕ್ಕುವುದು, ಪುಡಿ ಮಾಡುವುದು, ತುಂಬುವುದು, ಸೀಲ್ ಹಾಕುವುದು ಸೇರಿ ಇಬ್ಬರಿಗೆ ತಲಾ 5 ಗಂಟೆ. ಒಟ್ಟು 10 ಗಂಟೆ. ಗಂಟೆಗೆ 60 ರೂಪಾಯಿಯಂತೆ 600. ನಿಮ್ಮ ಊರಲ್ಲಿ ಹೊಲದ ಕೂಲಿ ಎಷ್ಟಿದೆಯೋ ಅಷ್ಟನ್ನಾದರೂ ಹಾಕಿ. ಫೋಟೋ ತೆಗೆಯುವುದು, ಮೆಸೇಜಿಗೆ ಉತ್ತರ ಕೊಡುವುದು, ಪಾರ್ಸೆಲ್ ಕಟ್ಟಿ ಪೋಸ್ಟ್ ಆಫೀಸಿಗೆ ಹೋಗಿ ಬರುವುದು ಕೂಡ ಕೆಲಸವೇ. ಅದನ್ನು ನಾನು ಇನ್ನೂ ಈ ಲೆಕ್ಕಕ್ಕೆ ಸೇರಿಸಿಲ್ಲ. ನೀವು ಸೇರಿಸಲು ಆದರೆ ಸೇರಿಸಿ.

ಹೆಜ್ಜೆ 4: ಸಾಮಾನಿನ ಬೆಲೆಯನ್ನು ಪಾಕೀಟಿಗೆ ಹಂಚಿ

ತಕ್ಕಡಿ, ಮುದ್ರೆ ಸೇರಿ 2,000. ಕೈಯಲ್ಲಿ ಒತ್ತುವ ಸೀಲಿಂಗ್ ಮಷಿನ್ 2,000. ದೊಡ್ಡ ಮಿಕ್ಸಿ 6,000. ಸ್ಟೀಲ್ ಡಬ್ಬಿ, ಜರಡಿ, ತಾಟು 2,000. ಇದೇ ಆ 12,000. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು, ಮರೆಯಬೇಡಿ. ಮಿಕ್ಸಿಗೆ ದುಡ್ಡು ಹಾಕಿ, ಏಕೆಂದರೆ ಮನೆಯ ಮಿಕ್ಸಿ ಒಂದೇ ದಿನಕ್ಕೆ 10 ಕೆಜಿ ತಡೆಯುವುದಿಲ್ಲ. ಫೋಟೋಗೆ ಲೈಟು, ಸ್ಟ್ಯಾಂಡು ಏನೂ ಬೇಡ. ಬೆಳಗ್ಗೆ ಎಂಟರ ಹೊತ್ತಿಗೆ ಕಿಟಕಿ ಪಕ್ಕ ಬಿಳಿ ಬಟ್ಟೆ ಹಾಸಿದರೆ ಸಾಕು.

ಸಾಮಾನು ಎರಡು ವರ್ಷ ಬಾಳುತ್ತದೆ ಅಂದುಕೊಳ್ಳಿ. 12,000ವನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 500. ತಿಂಗಳಿಗೆ 100 ಪಾಕೀಟು ಮಾರಿದರೆ ಪಾಕೀಟಿಗೆ 5 ರೂಪಾಯಿ.

ಈಗ ಒಂದು ಪಾಕೀಟನ್ನು ಕೂಡಿಸೋಣ. ಸಾಮಗ್ರಿ, ಗ್ಯಾಸ್, ಕರೆಂಟು 38.80. ಕೂಲಿ 12. ಪೌಚು, ಲೇಬಲ್ 9. ಕೆಟ್ಟದ್ದು, ಸೋರಿದ್ದು, ರುಚಿಗೆ ಪುಕ್ಕಟೆ ಕೊಟ್ಟದ್ದು ಅಂತ ನೂರಕ್ಕೆ 5ರಂತೆ 3. ಸಾಮಾನು 5. ಸುಮಾರು 68 ರೂಪಾಯಿ. ಮನೆಯ ಹೊಸ್ತಿಲು ದಾಟುವ ಮೊದಲಿನ ಖರ್ಚು ಇದು.

ಆ ನೂರಕ್ಕೆ 5 ಜಾಸ್ತಿ ಆಯಿತು ಅನಿಸಬಹುದು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ರಾಯಚೂರಿನಲ್ಲಿ 40 ಡಿಗ್ರಿ ದಾಟುತ್ತದೆ. ಶೇಂಗಾದಲ್ಲಿ ಎಣ್ಣೆ ಇರುವುದರಿಂದ ಸೆಕೆಗೆ ಬೇಗ ಕಮಟು ವಾಸನೆ ಹಿಡಿಯುತ್ತದೆ. ಒಂದು ಏಪ್ರಿಲ್‌ನಲ್ಲಿ ಅವಸರ ಮಾಡಿ ಪುಡಿ ಪೂರ್ತಿ ಆರುವ ಮೊದಲೇ ಸೀಲ್ ಹಾಕಿದೆ. ಒಳಗೆ ಬೆವರು ಕಟ್ಟಿತು. 31 ಪಾಕೀಟು ತಿಪ್ಪೆಗೆ. ಬೇಸಿಗೆಯಲ್ಲಿ ಈಗ ಅರ್ಧ ಹದ ಮಾತ್ರ ಮಾಡುತ್ತೇವೆ, ರಾತ್ರಿಯಿಡೀ ಬಟ್ಟೆ ಮುಚ್ಚಿ ಆರಲು ಬಿಡುತ್ತೇವೆ.

ಹೆಜ್ಜೆ 5: ಪಾರ್ಸೆಲ್ ಕಟ್ಟಿ ಕೌಂಟರಿಗೆ ಒಯ್ಯಿರಿ

ಲಾಭ ಹೋಗುವುದು, ಉಳಿಯುವುದು ಎಲ್ಲ ಇಲ್ಲೇ.

ಮೊದಲು ನಮ್ಮ ಪಾಕೀಟು 250 ಗ್ರಾಂ ಇತ್ತು. ನಾಲ್ಕು ಪಾಕೀಟಿಗೆ ಸರಿಯಾಗಿ ಒಂದು ಕೆಜಿ, ಲೆಕ್ಕ ಸುಲಭ ಅಂದುಕೊಂಡಿದ್ದೆ. ಕೌಂಟರಿನಲ್ಲಿ ಪೆಟ್ಟಿಗೆ ಇಟ್ಟಾಗ ತಕ್ಕಡಿ ತೋರಿಸಿದ್ದು 1 ಕೆಜಿ 140 ಗ್ರಾಂ. ಪೆಟ್ಟಿಗೆ, ಟೇಪು, ಪೌಚಿನ ತೂಕ ನನ್ನ ತಲೆಗೇ ಬಂದಿರಲಿಲ್ಲ. ಕೊರಿಯರ್ ದರ ಸಾಮಾನ್ಯವಾಗಿ ಅರ್ಧ ಅರ್ಧ ಕೆಜಿಗೆ ಏರುತ್ತದೆ. 140 ಗ್ರಾಂ ಜಾಸ್ತಿ ಆದದ್ದಕ್ಕೆ ಒಂದೂವರೆ ಕೆಜಿಯ ದರ ಬಿತ್ತು. 90 ಆಗಬೇಕಾದದ್ದು 125 ಆಯಿತು. ಪ್ರತಿ ಪಾರ್ಸೆಲ್‌ಗೂ 35 ರೂಪಾಯಿ, ತಿಂಗಳುಗಟ್ಟಲೆ!

ಪಾಕೀಟನ್ನು 200 ಗ್ರಾಂಗೆ ಇಳಿಸಿದೆವು. ನಾಲ್ಕು ಪಾಕೀಟು, ಪೆಟ್ಟಿಗೆ ಸೇರಿ ಈಗ 930 ಗ್ರಾಂ. ಒಂದು ಕೆಜಿಯೊಳಗೇ ಕೂರುತ್ತದೆ. ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಳಿಸಿ, ತೂಕವನ್ನು ಮುಂದೆಯೇ ದೊಡ್ಡದಾಗಿ ಬರೆದೆವು. ಗಿರಾಕಿಗೆ ಹೇಳದೆ ತೂಕ ಮಾತ್ರ ಇಳಿಸುವುದು ತಪ್ಪು.

ನಮ್ಮ ಬೆಲೆ ಪಾಕೀಟಿಗೆ 110. ಈಗ ಎರಡು ಆರ್ಡರ್ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಸಾಗಾಟ ನಮ್ಮದೇ.

ಒಂದೇ ಪಾಕೀಟಿನ ಆರ್ಡರ್: ಪಾಕೀಟಿನ ಖರ್ಚು 68, ಕವರ್ ಮತ್ತು ಟೇಪು 10, ಕೊರಿಯರ್ 65. ಒಟ್ಟು 143. ಬಂದದ್ದು 110. ಕೈಯಿಂದ ಹೋದದ್ದು 33.

ನಾಲ್ಕು ಪಾಕೀಟಿನ ಆರ್ಡರ್: ಪಾಕೀಟಿನ ಖರ್ಚು 272, ಪೆಟ್ಟಿಗೆ ಮತ್ತು ಟೇಪು 22, ಕೊರಿಯರ್ 90. ಒಟ್ಟು 384. ಬಂದದ್ದು 440. ಉಳಿದದ್ದು 56.

ಪುಡಿ ಅದೇ, ಕೈ ಅದೇ. ಅದಕ್ಕೇ ನಾವು ಈಗ ನಾಲ್ಕಕ್ಕಿಂತ ಕಮ್ಮಿ ಬೇಕು ಅಂದವರಿಗೆ ಸಾಗಾಟದ ದುಡ್ಡು ಬೇರೆ ಹೇಳುತ್ತೇವೆ. ಶೇಂಗಾ, ಗುರೆಳ್ಳು, ಅಗಸಿ ಮೂರೂ ಪುಡಿ ಮಾಡಲು ಶುರು ಮಾಡಿದ್ದೂ ಇದಕ್ಕೇ. ಒಂದೇ ಪುಡಿ ನಾಲ್ಕು ಪಾಕೀಟು ಯಾರೂ ಸುಲಭಕ್ಕೆ ಕೊಳ್ಳುವುದಿಲ್ಲ.

ಪೋಸ್ಟ್ ಆಫೀಸ್, ಎರಡು ಕೊರಿಯರ್, ಸಾರಿಗೆ ಬಸ್ಸಿನ ಪಾರ್ಸೆಲ್, ಎಲ್ಲ ಕಡೆ ಅದೇ ಪೆಟ್ಟಿಗೆ ಒಯ್ದು ದರ ಕೇಳಿ. ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಅದನ್ನೂ ಕೇಳಿ. ಬಸ್ಸಿನದು ಅಗ್ಗ ಬೀಳಬಹುದು, ಆದರೆ ಗಿರಾಕಿ ಬಸ್ ನಿಲ್ದಾಣಕ್ಕೆ ಬಂದು ಬಿಡಿಸಿಕೊಳ್ಳಬೇಕು. ಬೆಂಗಳೂರಿನಲ್ಲಿರುವ ನಮ್ಮ ಕಡೆಯ ಹುಡುಗರು ಖುಷಿಯಿಂದ ಬರುತ್ತಾರೆ. ಬೇರೆಯವರು ಬರುವುದಿಲ್ಲ.

ಹೆಜ್ಜೆ 6: ದುಡ್ಡು ಬರುವ ದಾರಿಯ ಖರ್ಚು

ಗಿರಾಕಿ ನೇರವಾಗಿ ಯುಪಿಐನಲ್ಲಿ ಹಾಕಿದರೆ ನಮಗೆ ಖರ್ಚಿಲ್ಲ. ಸ್ವಂತ ವೆಬ್‌ಸೈಟ್ ಮಾಡಿ ಪೇಮೆಂಟ್ ಗೇಟ್‌ವೇ (ಗಿರಾಕಿಯ ದುಡ್ಡು ಪಡೆದು ನಮ್ಮ ಖಾತೆಗೆ ಹಾಕುವ ಸೇವೆ) ಹಾಕಿಸಿದರೆ ಸಾಮಾನ್ಯವಾಗಿ ನೂರಕ್ಕೆ 2, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 440ಕ್ಕೆ ಸುಮಾರು 10 ರೂಪಾಯಿ. ಉಳಿದ 56ರಲ್ಲಿ 46 ಉಳಿಯಿತು.

ದೊಡ್ಡ ಮಾರಾಟ ತಾಣಗಳಲ್ಲಿ ಕಮಿಷನ್, ಪ್ರತಿ ಆರ್ಡರಿನ ಶುಲ್ಕ, ಸಾಗಾಟ, ಇವೆಲ್ಲದರ ಮೇಲೆ ಜಿಎಸ್‌ಟಿ ಇರುತ್ತವೆ. ಹಣವೂ ಕೆಲವು ದಿನ ತಡೆದು ಬರುತ್ತದೆ. ಅವರ ಶುಲ್ಕದ ಪಟ್ಟಿ ಇಳಿಸಿಕೊಂಡು ನಿಮ್ಮ 440ಕ್ಕೆ ಹಚ್ಚಿ ನೋಡದೆ ಸೇರಬೇಡಿ.

ಪಾರ್ಸೆಲ್ ತಲುಪಿದ ಮೇಲೆ ದುಡ್ಡು ಕೊಡುವ ಪದ್ಧತಿಯನ್ನು ನಾವು ನಿಲ್ಲಿಸಿಬಿಟ್ಟೆವು. ಒಬ್ಬರು ಬಾಗಿಲಲ್ಲೇ ಬೇಡ ಅಂದರೆ ಹೋಗಲು 90, ಬರಲು 90, ಪೆಟ್ಟಿಗೆ 22. 202 ರೂಪಾಯಿ ಹೋಯಿತು. ನಾಲ್ಕು ಒಳ್ಳೆಯ ಆರ್ಡರಿನ ಉಳಿಕೆಗಿಂತ ಜಾಸ್ತಿ.

ಹೆಜ್ಜೆ 7: ಕಾಗದ ಪತ್ರ

ತಿನ್ನುವ ವಸ್ತು ಮಾರಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕೇ ಬೇಕು. ಸಣ್ಣ ತಯಾರಕರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಅವರ ಫೋಸ್ಕೋಸ್ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು. 14 ಅಂಕಿಯ ನಂಬರ್ ಬರುತ್ತದೆ. ಅದು ಕೈಗೆ ಬರುವವರೆಗೆ ಲೇಬಲ್ ಪ್ರಿಂಟ್ ಮಾಡಿಸಬೇಡಿ. ನಾನು ಅವಸರದಲ್ಲಿ 2,000 ಲೇಬಲ್ ಹಾಕಿಸಿ, ನಂಬರ್ ಇಲ್ಲದೆ ಎಲ್ಲವನ್ನೂ ಎತ್ತಿಡಬೇಕಾಯಿತು. ಅದರ ಹಿಂಬದಿಯಲ್ಲಿ ಮಕ್ಕಳು ಈಗಲೂ ಗಣಿತ ಮಾಡುತ್ತಾರೆ.

ಲೇಬಲ್ ಮೇಲೆ ಆ ನಂಬರಿನ ಜೊತೆಗೆ ಹೆಸರು, ಪದಾರ್ಥಗಳ ಪಟ್ಟಿ, ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್ ನಂಬರ್, ಸಸ್ಯಾಹಾರದ ಹಸಿರು ಗುರುತು, ವಿಳಾಸ, ಫೋನ್ ನಂಬರ್ ಬೇಕು. ಶೇಂಗಾ ಕೆಲವರ ಮೈಗೆ ಆಗುವುದಿಲ್ಲ, ಪ್ರಾಣಕ್ಕೇ ಕುತ್ತು ಬರಬಹುದು. ಹಾಗಾಗಿ "ಶೇಂಗಾ ಇದೆ" ಅನ್ನುವುದನ್ನು ಬೇರೆಯಾಗಿ, ಎದ್ದು ಕಾಣುವಂತೆ ಬರೆಯಿರಿ. ಫೋನಿಗೆ ಬೇರೆ ಸಿಮ್ ತಗೊಳ್ಳಿ. ನಿಮ್ಮ ಮನೆಯ ನಂಬರ್ ಸಾವಿರ ಪಾಕೀಟಿನ ಮೇಲೆ ಊರೂರು ಹೋಗುವುದು ಹೆಣ್ಣುಮಕ್ಕಳಿಗೆ ಒಳ್ಳೆಯದಲ್ಲ.

ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಪೂರ್ತಿ ಪುಕ್ಕಟೆ. ಅದಕ್ಕೆ ದುಡ್ಡು ಕೇಳುವ ಸೈಟು ಸರ್ಕಾರದ್ದಲ್ಲ.

ಜಿಎಸ್‌ಟಿ ವಿಷಯದಲ್ಲಿ ರಾಜ್ಯದ ಗಡಿ ನೋಡಬೇಕು. ಕರ್ನಾಟಕದೊಳಗೇ ಸರಕು ಮಾರಿದರೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಡ. 2023ರ ಅಕ್ಟೋಬರ್‌ನಿಂದ ಮಾರಾಟ ತಾಣಗಳ ಮೂಲಕ ರಾಜ್ಯದೊಳಗೆ ಮಾರುವ ಸಣ್ಣವರಿಗೂ ಈ ಸವಲತ್ತು ಇದೆ, ಒಂದು ಎನ್‌ರೋಲ್‌ಮೆಂಟ್ ನಂಬರ್ ಮಾತ್ರ ಪಡೆಯಬೇಕು. ಆದರೆ ರಾಜ್ಯ ದಾಟಿ ಚಟ್ನಿಪುಡಿ ಕಳಿಸಿದರೆ ಮೊದಲ ಪಾಕೀಟಿನಿಂದಲೇ ನೋಂದಣಿ ಬೇಕು. ರಾಯಚೂರಿನವರಿಗೆ ತೆಲಂಗಾಣ ಕೂಗಳತೆಯಲ್ಲಿದೆ, ಆದರೂ ಕಾನೂನಿಗೆ ಅದು ಬೇರೆ ರಾಜ್ಯ. ಕೈಮಗ್ಗ, ಕರಕುಶಲ ವಸ್ತುಗಳಿಗೆ ಕೆಲವು ವಿನಾಯಿತಿ ಇದೆ, ಆಡಿಟರ್ ಹತ್ತಿರ ಕೇಳಿ. ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಆದರೆ ಆಮೇಲೆ ಮಾರಾಟ ಸೊನ್ನೆ ಇದ್ದರೂ ರಿಟರ್ನ್ ಹಾಕಬೇಕು, ತಪ್ಪಿದರೆ ದಂಡ. ಆಡಿಟರ್ ಫೀಸು ಖರ್ಚಿಗೆ ಸೇರುತ್ತದೆ.

ಬ್ಯಾಂಕ್ ಖಾತೆ ಬೇರೆ ಇಡಿ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿದೆಯಲ್ಲ? ತಮ್ಮ ಕಳಿಸಿದ ದುಡ್ಡು, ಚೀಟಿ ದುಡ್ಡು, ವ್ಯಾಪಾರದ ದುಡ್ಡು ಒಂದೇ ಖಾತೆಯಲ್ಲಿ ಕಲೆತರೆ ಬಿಡಿಸಿ ಹೇಳುವುದು ಕಷ್ಟ.

ಹೆಜ್ಜೆ 8: ತಿಂಗಳಿಗೆ ಎಷ್ಟು ಆರ್ಡರ್ ಬೇಕು?

ಮಾರಿದರೂ ಮಾರದಿದ್ದರೂ ಹೋಗುವ ಖರ್ಚು ಬರೆಯಿರಿ. ನಮ್ಮದು: ಎರಡನೇ ಸಿಮ್ 250, ಪೋಸ್ಟ್ ಆಫೀಸಿಗೆ ಓಡಾಟದ ಪೆಟ್ರೋಲ್ 600, ಇಂಟರ್ನೆಟ್ ಪಾಲು 200, ಮೊಬೈಲ್ ಜಾಹೀರಾತಿಗೆ 500. ಒಟ್ಟು 1,550. ಒಂದು ಆರ್ಡರಿಗೆ ಉಳಿಯುವುದು 46. ಭಾಗಿಸಿದರೆ 34 ಆರ್ಡರ್. ಅಂದರೆ 136 ಪಾಕೀಟು, ಸುಮಾರು 27 ಕೆಜಿ, ಮೂರು ಹದ. ಅಷ್ಟು ಮಾರಿದರೆ ನಮ್ಮಿಬ್ಬರ ಕೂಲಿ 1,632 ಬರುತ್ತದೆ, ಲುಕ್ಸಾನು ಇಲ್ಲ, ಲಾಭವೂ ಇಲ್ಲ. ಲಾಭ 35ನೇ ಆರ್ಡರಿನಿಂದ.

ಪರಿಚಯದವರಲ್ಲಿ 34 ಆರ್ಡರ್ ಬರುತ್ತದಾ ಅಂತ ಬೆರಳು ಮಡಚಿ ಎಣಿಸಿ. ಹೊರಗೆ ಓದುವ ಹುಡುಗರು, ಬೆಂಗಳೂರಿಗೆ ಕೆಲಸಕ್ಕೆ ಹೋದವರು, ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳು. ಹೆಸರು ಸಿಗದಿದ್ದರೆ ಜಾಹೀರಾತಿನ ಖರ್ಚು 500ರಲ್ಲಿ ನಿಲ್ಲುವುದಿಲ್ಲ ಅಂತ ತಿಳಿದು ಹೆಜ್ಜೆ ಇಡಿ.

ಹೆಜ್ಜೆ 9: ಕೈಯಲ್ಲಿ ಎಷ್ಟು ಇಟ್ಟುಕೊಳ್ಳಬೇಕು

ಸಾಮಾನಿಗೆ 12,000. ಎರಡು ತಿಂಗಳ ಸಾಮಗ್ರಿ, ಕೂಲಿ ಬಿಟ್ಟು ಆರು ಹದಕ್ಕೆ 11,640. ಪೌಚು, ಲೇಬಲ್, ಪೆಟ್ಟಿಗೆ ಸಗಟಿನಲ್ಲಿ ತರಲು 6,000. ಕೊರಿಯರ್ ಮತ್ತು ತಿಂಗಳ ಖರ್ಚಿಗೆ 6,000. ಸುಮಾರು 36,000. ಸಂಘದ ಸಾಲ ಎತ್ತುವ ಮೊದಲು ಬ್ಯಾಂಕಿನಲ್ಲಿ ಸಣ್ಣ ವ್ಯಾಪಾರಕ್ಕೆ ಕೊಡುವ ಮುದ್ರಾ ಶಿಶು ಸಾಲ ಕೇಳಿ, 50,000ದವರೆಗೆ ಜಾಮೀನು ಬೇಡ. ಸ್ವಸಹಾಯ ಸಂಘದ ಸದಸ್ಯರಾಗಿದ್ದರೆ ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಯೋಜನೆಯ 40,000ದವರೆಗಿನ ಬೀಜ ಬಂಡವಾಳ ಈಗ ಸಿಗುತ್ತಿದೆಯೇ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ನಾನಾದರೆ ಮೊದಲ ತಿಂಗಳು ಇದರಲ್ಲಿ ಒಂದೂ ಕೊಳ್ಳುವುದಿಲ್ಲ. ನೋಂದಣಿ ಮಾಡಿಸಿ, ಮನೆಯ ಮಿಕ್ಸಿಯಲ್ಲೇ 2 ಕೆಜಿ ಮಾಡಿ, ತಂಗಿಯ ಮನೆಗೆ, ಗೆಳತಿಯ ಮನೆಗೆ ಐದು ಪಾರ್ಸೆಲ್ ನಿಜವಾಗಿ ಕಳಿಸುತ್ತೇನೆ. ಪ್ರತಿ ರಶೀದಿಯನ್ನೂ ವಹಿಗೆ ಅಂಟಿಸುತ್ತೇನೆ. ಪೆಟ್ಟಿಗೆ ಹೇಗೆ ತಲುಪಿತು ಅಂತ ಫೋಟೋ ಕಳಿಸಲು ಹೇಳುತ್ತೇನೆ. ಆ ಐದು ರಶೀದಿ ಕೈಗೆ ಬಂದ ಮೇಲೆ ಬೆಲೆ ಬರೆಯುತ್ತೇನೆ.